ರಿವರ್ಸ್‌ನಲ್ಲಿ ಮಾತ್ರ ಎಳೆಯದ ಗಾಡಿ: ಟ್ರೇಲರ್ ಹಿಂದಕ್ಕೆ ಏರಿಸುವಾಗ ದೋಷ ಹುಡುಕುವ ಕ್ರಮ

ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಮೂಡಿಗೆರೆ, ಆಲ್ದೂರು, ಸಕಲೇಶಪುರದ ಕಡೆ ಗ್ಯಾರೇಜಿಗೆ ಬರುವ ಪಿಕಪ್ಪು, ಜೀಪುಗಳ ದೂರಿನಲ್ಲಿ ಇದೊಂದು ತಪ್ಪುವುದಿಲ್ಲ: "ಮುಂದಕ್ಕೆ ಏನೂ ತೊಂದ್ರೆ ಇಲ್ಲ ಅಣ್ಣ, ಟ್ರೇಲರ್ ಕಟ್ಟಿ ರಿವರ್ಸ್ ಹಾಕಿದ್ರೆ ಮಾತ್ರ ಎಳೆಯಲ್ಲ." ತೋಟದೊಳಗಿನ ದಾರಿ ಒಂದೂವರೆ ಗಾಡಿಯಷ್ಟು ಅಗಲ. ಕಣದ ಹತ್ತಿರ ತಿರುಗಿಸಲು ಜಾಗ ಇರುವುದಿಲ್ಲ. ಹಾಗಾಗಿ ಮೂಟೆ ತುಂಬಿದ ಟ್ರೇಲರನ್ನು ಹಿಂದಕ್ಕೇ ಏರಿಸಬೇಕು. ಅದು ಏರದಿದ್ದಾಗ ಕ್ಲಚ್ ಪ್ಲೇಟ್ ಬದಲಾಗುತ್ತದೆ, ಆಮೇಲೆ ಗೇರ್ ಬಾಕ್ಸ್ ಬಿಚ್ಚುತ್ತಾರೆ, ಕೊನೆಗೆ ನೋಡಿದರೆ ಟ್ರೇಲರಿನ ಬ್ರೇಕ್ ಹಿಡಿದಿರುತ್ತದೆ.

ಮೊದಲು ಒಂದು ಮಾತು ತಲೆಯಲ್ಲಿ ಕೂರಬೇಕು. ಎಂಜಿನ್ ತಿರುಗುವುದು ಯಾವಾಗಲೂ ಒಂದೇ ದಿಕ್ಕಿಗೆ. ಕ್ಲಚ್ ಪ್ಲೇಟೂ ಅಷ್ಟೆ. ಗಾಡಿ ಹಿಂದಕ್ಕೆ ಹೋಗುತ್ತಿದೆ ಎಂಬುದು ಅವೆರಡಕ್ಕೂ ಗೊತ್ತೇ ಆಗುವುದಿಲ್ಲ. ದಿಕ್ಕು ಬದಲಾಗುವುದು ಗೇರ್ ಬಾಕ್ಸಿನ ಒಳಗೆ, ಎರಡು ಗೇರುಗಳ ನಡುವೆ ಸೇರುವ ಐಡ್ಲರ್ ಎಂಬ ಗೇರಿನಲ್ಲಿ. ಆದ್ದರಿಂದ ಫಸ್ಟ್ ಗೇರಿನಲ್ಲಿ ನಿಜಕ್ಕೂ ಸರಿಯಿದ್ದು ರಿವರ್ಸ್‌ನಲ್ಲಿ ಮಾತ್ರ ಸೋಲುವ ಗಾಡಿಯಲ್ಲಿ ಎಂಜಿನ್ನನ್ನೋ ಕ್ಲಚ್ಚನ್ನೋ ದೂರುವ ಮುಂಚೆ ದಿಕ್ಕಿನಿಂದ ಬದಲಾಗುವ ಸಂಗತಿಗಳನ್ನು ನೋಡಬೇಕು. ಅವು ಬಹಳ ಇಲ್ಲ: ಟ್ರೇಲರಿನ ಬ್ರೇಕು, ಗಾಡಿಯ ಹಿಂದಿನ ಡ್ರಮ್ಮು, ಎಂಜಿನ್ ಮೌಂಟಿಂಗ್, ಗೇರ್ ಲಿಂಕೇಜ್, ಚಕ್ರದ ಮೇಲಿನ ಭಾರ. ಆಟೊಮ್ಯಾಟಿಕ್ ಆದರೆ ಒಳಗಿನ ರಿವರ್ಸ್ ಕ್ಲಚ್ಚೂ ಸೇರುತ್ತದೆ.

ಮೂರು ಕಡೆ ಕಣ್ಣು

ಡ್ರೈವರ್ ಒಬ್ಬನೇ ಕೂತು "ಎಳೆಯಲ್ಲ" ಎಂದರೆ ಏನೂ ತಿಳಿಯುವುದಿಲ್ಲ. ಇನ್ನೊಬ್ಬರು ಬೇಕು. ಅವರು ಟ್ರೇಲರಿನ ಹಿಂದೆಯೂ ನಿಲ್ಲಬಾರದು, ಏರಿನಲ್ಲಿ ಗಾಡಿಯ ಮುಂದೆಯೂ ನಿಲ್ಲಬಾರದು. ಪಕ್ಕದಲ್ಲಿ, ನಾಲ್ಕು ಮಾರು ದೂರದಲ್ಲಿ ನಿಂತು ಗಾಡಿಯ ಹಿಂದಿನ ಚಕ್ರ ಮತ್ತು ಟ್ರೇಲರಿನ ಚಕ್ರ ಎರಡನ್ನೂ ನೋಡಬೇಕು. ಡ್ರೈವರ್ ನೋಡಬೇಕಾದದ್ದು ಆರ್‌ಪಿಎಂ ಮುಳ್ಳು. ಮುಳ್ಳು ಇಲ್ಲದ ಹಳೆಯ ಗಾಡಿಯಾದರೆ ಕಿವಿ ಸಾಕು.

ಎಂಜಿನ್ ಕೂಗುತ್ತಿದೆ, ಗಾಡಿಯ ಚಕ್ರ ತಿರುಗುತ್ತಿಲ್ಲ ಎಂದರೆ ನಡುವೆ ಎಲ್ಲೋ ಜಾರುತ್ತಿದೆ. ಅದು ಕ್ಲಚ್, ಇಲ್ಲವೇ ಆಟೊಮ್ಯಾಟಿಕ್ ಬಾಕ್ಸ್. 4×4 ಲಿವರ್ ಅರ್ಧಕ್ಕೆ ನಿಂತು ನ್ಯೂಟ್ರಲ್‌ನಲ್ಲಿದ್ದರೂ ಹೀಗೇ ಆಗುತ್ತದೆ. ಲಿವರನ್ನು ಒಮ್ಮೆ ಪೂರ್ತಿ ಎಳೆದು ನೋಡದೆ ಏನನ್ನೂ ಬಿಚ್ಚಬೇಡಿ. ಎಂಜಿನ್ ಉಸಿರುಗಟ್ಟಿ ಆರಿಹೋಗುತ್ತದೆ, ಚಕ್ರ ಕದಲುವುದಿಲ್ಲ ಎಂದರೆ ಯಾವುದೋ ಬ್ರೇಕು ಹಿಡಿದಿದೆ, ಭಾರ ಮೀರಿದೆ ಅಥವಾ ಎಂಜಿನ್ನೇ ಸೊರಗಿದೆ. ಹಿಂದಿನ ಚಕ್ರ ನಿಂತಲ್ಲೇ ಸುತ್ತಿ ಮಣ್ಣು ಹಾರಿಸುತ್ತಿದ್ದರೆ ಗಾಡಿಯ ಯಂತ್ರದಲ್ಲಿ ದೋಷವಿಲ್ಲ. ಇರುವುದು ಹಿಡಿತದ ಕೊರತೆ. ಈ ಮೂರನ್ನೂ "ಪಿಕಪ್ ಇಲ್ಲ" ಎಂಬ ಒಂದೇ ಮಾತಿನಲ್ಲಿ ಹೇಳುವುದರಿಂದಲೇ ಅರ್ಧ ದುಡ್ಡು ವ್ಯರ್ಥವಾಗುವುದು.

ದೋಷವೇ ಇಲ್ಲದ ಗಾಡಿಯೂ ಯಾಕೆ ಸೋಲುತ್ತದೆ

ಇಲ್ಲಿ ಸ್ವಲ್ಪ ಲೆಕ್ಕ ಮಾಡುವುದು ಒಳ್ಳೆಯದು. ಈ ಲೆಕ್ಕ ಗೊತ್ತಿದ್ದರೆ ಎಷ್ಟೋ ಗಾಡಿಗಳು ಗ್ಯಾರೇಜಿಗೆ ಬರಬೇಕಾಗಿಯೇ ಇಲ್ಲ.

1,700 ಕೆಜಿಯ ಪಿಕಪ್, 1,500 ಕೆಜಿಯ ತುಂಬಿದ ಟ್ರೇಲರ್, ಎರಡೂ ಸೇರಿ 3,200 ಕೆಜಿ ಎಂದಿಟ್ಟುಕೊಳ್ಳಿ. ಕಣದ ಏರು 100 ಮೀಟರಿಗೆ 15 ಮೀಟರ್. ಮಟ್ಟ ನೋಡುವ ಆ್ಯಪ್ ಹಾಕಿ ಫೋನನ್ನು ಗಾಡಿಯ ನೆಲದ ಮೇಲಿಟ್ಟರೆ ಇದು ಸುಮಾರು ಎಂಟೂವರೆ ಡಿಗ್ರಿ ತೋರಿಸುತ್ತದೆ. ಏರಿಗೆ ಬೇಕಾದ ಬಲ ಸುಮಾರು 475 ಕೆಜಿ, ಜಲ್ಲಿ ದಾರಿಯಲ್ಲಿ ಚಕ್ರ ಉರುಳುವುದಕ್ಕೆ ಇನ್ನೊಂದು 95. ಒಟ್ಟು 570 ಕೆಜಿ ನೂಕು ಬೇಕು. 200 ನ್ಯೂಟನ್ ಮೀಟರ್ ಟಾರ್ಕಿನ (ತಿರುಚು ಬಲದ) ಎಂಜಿನ್, 3.5ರ ರಿವರ್ಸ್ ಅನುಪಾತ, ಹಿಂದಿನ ಆಕ್ಸಲ್ಲಿನಲ್ಲಿ 4.3ರ ಕ್ರೌನ್-ಪಿನಿಯನ್ ಗೇರು, 34 ಸೆಂಟಿಮೀಟರ್ ತ್ರಿಜ್ಯದ ಚಕ್ರ ಇದ್ದರೆ, ಗೇರುಗಳಲ್ಲಿ ಕಳೆದದ್ದು ಹೋಗಿ ನೆಲಕ್ಕೆ ಸಿಗುವುದು ಸುಮಾರು 790 ಕೆಜಿ. ಸಾಕಲ್ಲವೇ? ಸಾಕು, ಆದರೆ ಪೂರ್ತಿ ಟಾರ್ಕ್ ಬರುವ 1,500 ಆರ್‌ಪಿಎಂ ಮೇಲೆ ಮಾತ್ರ. 1,000 ಆರ್‌ಪಿಎಂನಲ್ಲಿ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇನ್ನೂ ಎದ್ದಿರುವುದಿಲ್ಲ; ಟಾರ್ಕ್ 120ಕ್ಕೆ ಇಳಿದರೆ ಸಿಗುವುದು 475 ಕೆಜಿ. ಎಂಜಿನ್ ಆರುತ್ತದೆ.

ಸರಿ, 1,500ಕ್ಕೆ ಏರಿಸೋಣ ಎಂದರೆ ಆ ಗೇರಿನಲ್ಲಿ ಗಾಡಿಯ ವೇಗ ಗಂಟೆಗೆ ಹತ್ತಿರಹತ್ತಿರ 13 ಕಿಲೋಮೀಟರ್. ಟ್ರೇಲರನ್ನು ಕಾಫಿ ಗಿಡದ ಸಾಲಿನ ನಡುವೆ ಹಿಂದಕ್ಕೆ ಬಿಡುವ ವೇಗವೇ ಅದು? ಡ್ರೈವರ್ 3 ಕಿಲೋಮೀಟರಿನಲ್ಲಿ ಹೋಗಲು ನೋಡುತ್ತಾನೆ, ಉಳಿದದ್ದನ್ನು ಅರ್ಧ ಕ್ಲಚ್ಚಿನಲ್ಲಿ ತೂಗಿಸುತ್ತಾನೆ. ಆಗ ಎಂಜಿನ್ ಕೊಡುವ ಶಕ್ತಿಯಲ್ಲಿ ಮುಕ್ಕಾಲು ಪಾಲು ಕ್ಲಚ್ ಪ್ಲೇಟಿನಲ್ಲೇ ಬಿಸಿಯಾಗಿ ಹೋಗುತ್ತದೆ. ಈ ಉದಾಹರಣೆಯಲ್ಲಿ ಅದು ಸುಮಾರು 17 ಕಿಲೋವ್ಯಾಟ್. ಬಚ್ಚಲಿನ 2 ಕಿಲೋವ್ಯಾಟ್ ಗೀಸರುಗಳನ್ನು ಎಂಟು ಒಟ್ಟಿಗೆ ಹಾಕಿದಷ್ಟು ಶಾಖ, ಊಟದ ತಟ್ಟೆಯಷ್ಟಗಲದ ಪ್ಲೇಟಿನ ಮೇಲೆ. ಒಂದು ನಿಮಿಷ ಹೀಗೆ ಮಾಡಿದರೆ ಹೊಸ ಪ್ಲೇಟೂ ವಾಸನೆ ಬಿಡುತ್ತದೆ, ಬಿಸಿಯಾದ ಲೈನಿಂಗ್ ಹಿಡಿತ ಕಳೆದುಕೊಂಡು ಜಾರುತ್ತದೆ, ತಣ್ಣಗಾದ ಮೇಲೆ ಮತ್ತೆ ಹಿಡಿಯುತ್ತದೆ. "ಬೆಳಿಗ್ಗೆ ಸರಿ ಇತ್ತು, ಮಧ್ಯಾಹ್ನ ಎಳೀಲಿಲ್ಲ" ಎನ್ನುವುದರ ಹಿಂದೆ ಬಹಳ ಸಲ ಇದೇ ಇರುತ್ತದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ 1,000 ಮೀಟರ್ ಮೇಲೆ ಗಾಳಿಯ ಒತ್ತಡ ಹತ್ತು ಪಾಲಿಗೆ ಒಂದು ಪಾಲು ಕಡಿಮೆ, ಚಿಕ್ಕಮಗಳೂರು ಪೇಟೆ ಇರುವುದೇ ಹೆಚ್ಚೂಕಡಿಮೆ ಆ ಎತ್ತರದಲ್ಲಿ. ಟರ್ಬೊ ಇಲ್ಲದ ಡೀಸೆಲ್ ಎಂಜಿನ್ ಅಷ್ಟೇ ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಇದ್ದದ್ದು ಒತ್ತಡ ಕಟ್ಟಿಕೊಂಡ ಮೇಲೆ ಸರಿಹೋಗುತ್ತದೆ, ಆದರೆ ರಿವರ್ಸ್ ಕೆಲಸ ನಡೆಯುವುದು ಟರ್ಬೊ ಏಳುವ ಮುಂಚಿನ ಆರ್‌ಪಿಎಂನಲ್ಲೇ. ಮಂಗಳೂರಿನಲ್ಲಿ ಇದೇ ಟ್ರೇಲರನ್ನು ಸರಾಗವಾಗಿ ತಳ್ಳಿದ ಗಾಡಿ ಘಟ್ಟದ ಮೇಲೆ ಮುಗ್ಗರಿಸಿದರೆ ಅದನ್ನು ಕಾಯಿಲೆ ಎನ್ನಲಾಗದು.

ಹಿಂದಕ್ಕೆ ಏರುವಾಗ ಭಾರ ಎಲ್ಲಿ ಹೋಗುತ್ತದೆ

ಹಿಂಚಕ್ರದಿಂದ ಓಡುವ ಗಾಡಿ ಮುಂದಕ್ಕೆ ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದೆ, ಎಳೆಯುವ ಚಕ್ರವೇ ನೆಲಕ್ಕೆ ಒತ್ತಿಕೊಳ್ಳುತ್ತದೆ. ಅದೇ ಏರನ್ನು ಹಿಂದಕ್ಕೆ ಹತ್ತುವಾಗ ಹಿಂಚಕ್ರ ಮೇಲ್ಗಡೆ ಇರುತ್ತದೆ, ಭಾರ ಮೂತಿಯ ಕಡೆ ಜಾರುತ್ತದೆ. ಅದರ ಮೇಲೆ ಟ್ರೇಲರೂ ಹುಕ್ಕಿನ ಮೂಲಕ ಗಾಡಿಯನ್ನು ಕೆಳಕ್ಕೆ ದಬ್ಬುತ್ತದೆ. ಮೇಲಿನ ಉದಾಹರಣೆಯಲ್ಲಿ ಸಮತಟ್ಟಿನಲ್ಲಿ ಹಿಂದಿನ ಆಕ್ಸಲ್ ಮೇಲೆ 800 ಕೆಜಿ ಇದ್ದರೆ, ಮುಂದಕ್ಕೆ ಏರುವಾಗ ಅದು 900ರ ಹತ್ತಿರ, ಹಿಂದಕ್ಕೆ ಏರುವಾಗ 700ರ ಹತ್ತಿರ. 570 ಕೆಜಿ ನೂಕಲು 900 ಕೆಜಿ ಒತ್ತಿದ ಚಕ್ರಕ್ಕೆ ಗಟ್ಟಿ ನೆಲ ಸಾಕು. 700 ಕೆಜಿ ಒತ್ತಿದ ಚಕ್ರಕ್ಕೆ ಒಣ ಕಾಂಕ್ರೀಟೂ ಸಾಲದೆ ಹೋಗಬಹುದು. ಬೆಳಗಿನ ಇಬ್ಬನಿ ಬಿದ್ದ ಕೆಂಪುಮಣ್ಣಿನ ಮೇಲಂತೂ ಕೇಳಲೇಬೇಡಿ.

ಇದಕ್ಕೆ ಮದ್ದು ಸ್ಪ್ಯಾನರ್ ಹಿಡಿಯದೆಯೇ ಇದೆ. ಟ್ರೇಲರ್ ತೂಕದ ಹತ್ತನೇ ಒಂದು ಪಾಲು ಹುಕ್ಕಿನ ಮೇಲೆ ಕೂರಬೇಕು. 1,500 ಕೆಜಿಗೆ 150, ಅಂದರೆ 50 ಕೆಜಿಯ ಮೂರು ಚೆರ್ರಿ ಮೂಟೆ. ಮೂಟೆ ತೂಗುವ ತಕ್ಕಡಿಯನ್ನೇ ಟ್ರೇಲರಿನ ಮೂತಿಯ ಕೆಳಗೆ ಇಟ್ಟು ನೋಡಬಹುದು. ಇಳಿಸಲು ಸುಲಭ ಎಂದು ಆಳುಗಳು ಭಾರವನ್ನೆಲ್ಲ ಬಾಲದ ಕಡೆ ಪೇರಿಸಿದರೆ ಮೂತಿ ಎದ್ದು ಗಾಡಿಯ ಹಿಂಭಾಗವನ್ನೇ ಎತ್ತುತ್ತದೆ. ನಾಲ್ಕು ಮೂಟೆ ಮುಂದಕ್ಕೆ ಸರಿಸಿ, ಇನ್ನು ನಾಲ್ಕನ್ನು ಪಿಕಪ್ಪಿನ ಬಾಡಿಯೊಳಗೆ ಹಿಂದಿನ ಆಕ್ಸಲ್ ಮೇಲೆ ಹಾಕಿ, ಮತ್ತೆ ಪ್ರಯತ್ನಿಸಿ.

ಟ್ರೇಲರನ್ನು ಕಳಚಿ

ಎಂಜಿನ್ ಉಸಿರುಗಟ್ಟುವ ಪೈಕಿ ಆದರೆ ಮೊದಲ ಪರೀಕ್ಷೆ ಇದು. ಸಮತಟ್ಟಾದ ಜಾಗದಲ್ಲಿ ಟ್ರೇಲರ್ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು ಕಳಚಿ. ಗಾಡಿಯನ್ನು ಬರಿದೇ ರಿವರ್ಸ್ ಹಾಕಿ ಆಕ್ಸಿಲರೇಟರ್ ಮುಟ್ಟದೆ ನಿಧಾನ ಕ್ಲಚ್ ಬಿಡಿ. ಆರೋಗ್ಯವಾಗಿರುವ ಡೀಸೆಲ್ ಗಾಡಿ ಐಡಲ್‌ನಲ್ಲೇ ತಾನಾಗಿ ಹಿಂದಕ್ಕೆ ತೆವಳುತ್ತದೆ. ಹಾಗೆಯೇ ಕಣದ ಏರನ್ನು ಒಂದು ಸಲ ಹಿಂದಕ್ಕೆ ಹತ್ತಿಸಿ. ಸಲೀಸಾಗಿ ಹತ್ತಿದರೆ ಗಾಡಿಯನ್ನು ಬಿಟ್ಟು ಟ್ರೇಲರನ್ನು ಹಿಡಿಯಿರಿ.

ಖಾಲಿ ಟ್ರೇಲರ್ ಎಷ್ಟು ಸುಲಭವಾಗಿ ಉರುಳುತ್ತದೆ ಎಂದು ಅಳೆಯಲು ತೋಟದಲ್ಲೇ ಸಾಧನವಿದೆ, ಹಣ್ಣು ತೂಗುವ ತೂಗುಕೊಕ್ಕೆಯ ತಕ್ಕಡಿ. ಸಿಮೆಂಟು ಕಣದ ಮೇಲೆ, ಚಕ್ರಕ್ಕೆ ಸರಿಯಾಗಿ ಗಾಳಿ ತುಂಬಿಸಿ, ತಕ್ಕಡಿಯ ಒಂದು ಕೊಕ್ಕೆಯನ್ನು ಟ್ರೇಲರಿಗೆ, ಇನ್ನೊಂದನ್ನು ಹಗ್ಗಕ್ಕೆ ಸಿಕ್ಕಿಸಿ ಅಡ್ಡಕ್ಕೆ ಎಳೆಯಿರಿ. ಹೊರಡುವಾಗಿನ ಮೊದಲ ಎಳೆತ ಬಿಡಿ. ಉರುಳುತ್ತಿರುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. 600 ಕೆಜಿಯ ಖಾಲಿ ಟ್ರೇಲರಿಗೆ 9ರಿಂದ 12 ಕೆಜಿ ಸಾಕು. 30 ತೋರಿಸಿದರೆ ಬ್ರೇಕ್ ಲೈನರ್ ಉಜ್ಜುತ್ತಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಎರಡೂ ದಿಕ್ಕಿಗೆ ಎಳೆದು ನೋಡಿ: ಮುಂದಕ್ಕೆ 12, ಹಿಂದಕ್ಕೆ 30 ಬಂದರೆ ಕಳ್ಳ ಸಿಕ್ಕಿಬಿದ್ದ ಹಾಗೆಯೇ. ಡ್ರಮ್ ಬ್ರೇಕಿನಲ್ಲಿ ಚಕ್ರ ತಿರುಗುವ ದಿಕ್ಕು ಬದಲಾದರೆ ತನ್ನಷ್ಟಕ್ಕೆ ಕಚ್ಚುವ ಶೂ (ಡ್ರಮ್ಮಿಗೆ ಒಳಗಿನಿಂದ ಒತ್ತುವ, ಲೈನರ್ ಹಾಕಿದ ಕಮಾನು) ಕೂಡ ಬದಲಾಗುತ್ತದೆ. ಮುಂದಕ್ಕೆ ಹೋಗುವಾಗ ಡ್ರಮ್ ಯಾವ ಶೂವನ್ನು ದೂರ ತಳ್ಳುತ್ತಿತ್ತೋ ಹಿಂದಕ್ಕೆ ಹೋಗುವಾಗ ಅದನ್ನೇ ಒಳಗೆ ಎಳೆದುಕೊಂಡು ಕಚ್ಚಿಸುತ್ತದೆ. ಸ್ಪ್ರಿಂಗ್ ತುಕ್ಕು ಹಿಡಿದು ಶೂ ಪೂರ್ತಿ ಹಿಂದಕ್ಕೆ ಬರದಿದ್ದರೆ ಮುಂದಕ್ಕೆ ಬರೀ ಉಜ್ಜು, ಹಿಂದಕ್ಕೆ ಗಟ್ಟಿ ಹಿಡಿತ.

ಇನ್ನು ಓವರ್‌ರನ್ ಬ್ರೇಕ್ ಇರುವ ಟ್ರೇಲರ್. ಇದರ ಮೂತಿಯಲ್ಲಿ ಒಳಕ್ಕೆ ಸರಿಯುವ ದಂಡವೊಂದು ಇರುತ್ತದೆ. ಗಾಡಿ ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನುಗ್ಗಿ ಆ ದಂಡವನ್ನು ಒತ್ತುತ್ತದೆ, ಆ ಒತ್ತಡವೇ ಬ್ರೇಕ್ ಹಾಕುತ್ತದೆ. ಆದರೆ ಗಾಡಿ ರಿವರ್ಸ್‌ನಲ್ಲಿ ಟ್ರೇಲರನ್ನು ತಳ್ಳುವಾಗಲೂ ದಂಡ ಹಾಗೆಯೇ ಒಳಕ್ಕೆ ಹೋಗುತ್ತದೆ! ತಳ್ಳಿದಷ್ಟೂ ಬ್ರೇಕ್ ಬಿಗಿ. ಆಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ನಿಗೆ ಕಷ್ಟ. ಇದನ್ನು ತಪ್ಪಿಸಲು ಮೂರು ಬಗೆಯ ಏರ್ಪಾಟು ಕಾಣಸಿಗುತ್ತವೆ. ಹಳೆಯದರಲ್ಲಿ ದಂಡ ಸರಿಯದಂತೆ ತಡೆಯುವ ಪಿನ್ನೋ ಮಡಚುವ ತಗಡೋ ಇರುತ್ತದೆ, ಕೆಳಗಿಳಿದು ಹಾಕಬೇಕು. ಅದು ಕಳೆದುಹೋಗಿರುತ್ತದೆ, ಇದ್ದರೂ ಹಾಕಲು ಮರೆತಿರುತ್ತಾರೆ. ಎರಡನೆಯದರಲ್ಲಿ ಚಕ್ರ ಹಿಂದಕ್ಕೆ ತಿರುಗಿದರೆ ಶೂ ತಾನೇ ಕುಸಿದು ಬಿಟ್ಟುಕೊಡುತ್ತದೆ. ಬ್ರೇಕನ್ನು ಅತಿ ಬಿಗಿಯಾಗಿ ಅಡ್ಜಸ್ಟ್ ಮಾಡಿದ್ದರೆ ಅಥವಾ ಒಳಗೆ ಕೆಸರು ಗಟ್ಟಿಯಾಗಿದ್ದರೆ ಅದಕ್ಕೆ ಕುಸಿಯಲು ಜಾಗ ಸಿಗುವುದಿಲ್ಲ. ಹೈಡ್ರಾಲಿಕ್ ಬ್ರೇಕಿನ ಕೆಲವಲ್ಲಿ ಸಾಲನಾಯ್ಡ್ ವಾಲ್ವ್ ಇರುತ್ತದೆ. ರಿವರ್ಸ್ ಲೈಟಿನ ವೈರಿನಿಂದ ಅದಕ್ಕೆ ಕರೆಂಟು ಬಂದರೆ ಬ್ರೇಕಿಗೆ ಹೋಗುವ ಆಯಿಲ್ ದಾರಿ ಮುಚ್ಚುತ್ತದೆ. ಟ್ರೇಲರ್ ಸಾಕೆಟ್ಟಿನ ಆ ಪಿನ್ನಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಇಗ್ನಿಷನ್ ಆನ್, ಗೇರು ರಿವರ್ಸ್‌ನಲ್ಲಿದ್ದಾಗ ದೀಪ ಹತ್ತದಿದ್ದರೆ ರಿವರ್ಸ್ ಲೈಟಿನ ಫ್ಯೂಸ್, ಗೇರ್ ಬಾಕ್ಸ್ ಮೇಲಿನ ರಿವರ್ಸ್ ಸ್ವಿಚ್, ಕೊನೆಗೆ ಹಸಿರು ಪಾಚಿ ಹಿಡಿದ ಪಿನ್, ಈ ಕ್ರಮದಲ್ಲಿ ನೋಡಿ. ಮಲೆನಾಡಿನ ಮಳೆಗೆ ಮೊದಲು ಹೋಗುವುದು ಪಿನ್ನೇ, ಆದರೂ ಫ್ಯೂಸ್ ನೋಡುವುದು ಸುಲಭ.

ಏರ್ ಬ್ರೇಕಿನ ಲಾರಿಯಲ್ಲಿ ಬೇರೆ ಸಂಗತಿ. ಇಕ್ಕಟ್ಟಿನಲ್ಲಿ ಹಿಂದೆ-ಮುಂದೆ ಮಾಡುತ್ತ, ಎಂಜಿನ್ ಐಡಲ್‌ನಲ್ಲಿರುವಾಗಲೇ ಹತ್ತಿಪ್ಪತ್ತು ಸಲ ಬ್ರೇಕ್ ತುಳಿದರೆ ಟ್ಯಾಂಕಿನ ಗಾಳಿ ಇಳಿಯುತ್ತದೆ. ಒತ್ತಡ ತೀರ ಕೆಳಗಿಳಿದರೆ ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ತಾನಾಗಿ ಹಿಡಿಯತೊಡಗುತ್ತದೆ. ಎಚ್ಚರಿಕೆಯ ದೀಪವೋ ಬಜರೋ ಬಂದಿದ್ದರೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ ಗಾಳಿ ತುಂಬಿಸಿ, ಆಮೇಲೆ ಹೊರಡಿ. ಟ್ರೇಲರ್ ತೀರ ಮಡಚಿಕೊಂಡಾಗ ಗಾಳಿ ಪೈಪು ಎಲ್ಲಿ ಸಿಕ್ಕಿ ಚಪ್ಪಟೆಯಾಗುತ್ತದೆ ಎಂಬುದನ್ನೂ ಗಮನಿಸಿ. ಅಂದಹಾಗೆ ಜೋಡಿ ಆಕ್ಸಲ್ ಟ್ರೇಲರನ್ನು ಹೆಚ್ಚು ಕೋನದಲ್ಲಿ ಮಡಚಿ ತಳ್ಳಿದರೆ ಅದರ ಟೈರುಗಳು ಅಡ್ಡಕ್ಕೆ ಉಜ್ಜುತ್ತವೆ. ಆ ಭಾರ ಬ್ರೇಕ್ ಹಿಡಿದಂತೆಯೇ ಅನ್ನಿಸುತ್ತದೆ. ನೇರ ಮಾಡಿಕೊಂಡು ಒಮ್ಮೆ ತಳ್ಳಿ ನೋಡಿದರೆ ಗೊತ್ತಾಗುತ್ತದೆ.

ಬರೀ ಗಾಡಿಯೂ ಏಳದಿದ್ದರೆ

ಗಾಡಿಯ ಹಿಂದಿನ ಡ್ರಮ್ಮಿಗೂ ಮೇಲೆ ಹೇಳಿದ ಶೂ ಕಥೆಯೇ. ಒಂದೆರಡು ಕಿಲೋಮೀಟರ್ ಬ್ರೇಕ್ ತುಳಿಯದೆ ಓಡಿಸಿ ನಿಲ್ಲಿಸಿ ಡ್ರಮ್ಮಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುಯ್ ಎಂದರೆ ಬ್ರೇಕ್ ಹಿಡಿದಿದೆ. ಹ್ಯಾಂಡ್ ಬ್ರೇಕ್ ಕೇಬಲ್ಲನ್ನು ತೀರ ಬಿಗಿ ಮಾಡಿದ್ದರೆ ಖಾಲಿ ಗಾಡಿಯಲ್ಲಿ ಏನೂ ಕಾಣದೆ, ಹುಕ್ಕಿನ ಭಾರಕ್ಕೆ ಸ್ಪ್ರಿಂಗ್ ಪಟ್ಟಿ ಕುಗ್ಗಿದಾಗ ಕೇಬಲ್ ಜಗ್ಗಿ ಶೂ ತಾಗುವುದೂ ಉಂಟು. ಭಾರ ಹಾಕಿದ ಸ್ಥಿತಿಯಲ್ಲೇ ಜ್ಯಾಕ್ ಅನ್ನು ಆಕ್ಸಲ್ಲಿಗೆ ಕೊಟ್ಟು, ಚಾಸಿಗೆ ಕೊಡದೆ, ಚಕ್ರ ತಿರುಗಿಸಿ ನೋಡಬೇಕು.

ಮೌಂಟಿಂಗ್ ಬಹಳ ಜನ ನೋಡುವುದೇ ಇಲ್ಲ. ಫಸ್ಟ್ ಗೇರಿನಲ್ಲಿ ಎಂಜಿನ್ ಒಂದು ಪಕ್ಕಕ್ಕೆ ವಾಲಿದರೆ ರಿವರ್ಸ್‌ನಲ್ಲಿ ಅದರ ವಿರುದ್ಧ ಪಕ್ಕಕ್ಕೆ ವಾಲುತ್ತದೆ, ಏಕೆಂದರೆ ಗೇರ್ ಬಾಕ್ಸಿನಿಂದ ಹೊರಬರುವ ತಿರುಚು ತಲೆಕೆಳಗಾಗಿರುತ್ತದೆ. ಒಂದು ಬದಿಯ ಮೌಂಟಿಂಗ್ ರಬ್ಬರ್ ಹರಿದಿದ್ದರೆ ಫಸ್ಟ್‌ನಲ್ಲಿ ಅದು ಒತ್ತಿಕೊಂಡು ಸುಮ್ಮನಿರುತ್ತದೆ, ರಿವರ್ಸ್‌ನಲ್ಲಿ ಬಾಯಿ ತೆರೆಯುತ್ತದೆ. ಎಂಜಿನ್ ಮೇಲೆದ್ದಾಗ ಕೇಬಲ್ ಆಕ್ಸಿಲರೇಟರ್ ಇರುವ ಹಳೆಯ ಗಾಡಿಯಲ್ಲಿ ಕೇಬಲ್ ಸಡಿಲಾಗಿ ರೇಸ್ ಇಳಿಯುತ್ತದೆ. ಟರ್ಬೊ ಹೋಸ್ ಜಗ್ಗಿ ಕ್ಲಿಪ್ಪಿನ ಹತ್ತಿರ ಬಾಯಿಬಿಟ್ಟು ಗಾಳಿ ಸೋರುತ್ತದೆ. ನೋಡುವ ಬಗೆ: ಚಕ್ರಗಳಿಗೆ ಕಲ್ಲು, ಹ್ಯಾಂಡ್ ಬ್ರೇಕ್, ಕಾಲು ಬ್ರೇಕ್ ಮೂರೂ ಹಾಕಿ, ಬಾನೆಟ್ ತೆರೆದು, ಸಹಾಯಕರು ಮಡ್‌ಗಾರ್ಡ್ ಪಕ್ಕದಲ್ಲಿ ನಿಂತು, ಡ್ರೈವರ್ ಫಸ್ಟ್‌ನಲ್ಲಿ ಒಮ್ಮೆ, ರಿವರ್ಸ್‌ನಲ್ಲಿ ಒಮ್ಮೆ ಕ್ಲಚ್ ಅರ್ಧ ಬಿಟ್ಟು ತಕ್ಷಣ ತುಳಿಯಬೇಕು. ಎಂಜಿನ್ ಎರಡೂ ಕಡೆಗೆ ಒಂದೇ ಅಳತೆ ವಾಲಿದರೆ ಸರಿ. ಒಂದು ಕಡೆಗೆ ಬೆರಳಗಲ, ಇನ್ನೊಂದು ಕಡೆಗೆ ಮೂರು ಬೆರಳಗಲ ಎದ್ದು ಧಡ್ ಎಂದರೆ ಆ ರಬ್ಬರ್ ಹೋಗಿದೆ.

ಬ್ರೇಕ್ ಲೈಟ್ ಸ್ವಿಚ್ಚೂ ಹೀಗೇ ಮೋಸ ಮಾಡುತ್ತದೆ. ಎಲೆಕ್ಟ್ರಾನಿಕ್ ಆಕ್ಸಿಲರೇಟರ್ ಇರುವ ಅನೇಕ ಗಾಡಿಗಳಲ್ಲಿ ಬ್ರೇಕು, ಆಕ್ಸಿಲರೇಟರ್ ಎರಡೂ ಒಟ್ಟಿಗೆ ಒತ್ತಿದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಶಕ್ತಿ ತಗ್ಗಿಸುತ್ತದೆ. ಏರಿನಲ್ಲಿ ಗಾಡಿ ಜಾರದಿರಲಿ ಎಂದು ಒಂದು ಕಾಲು ಬ್ರೇಕಿನ ಮೇಲಿಟ್ಟೇ ಇನ್ನೊಂದರಲ್ಲಿ ರೇಸ್ ಕೊಡುವವರಿಗೆ, ಅದರಲ್ಲೂ ಆಟೊಮ್ಯಾಟಿಕ್ ಓಡಿಸುವವರಿಗೆ, "ಎಂಜಿನ್ ಏಳ್ತಾನೇ ಇಲ್ಲ" ಅನ್ನಿಸುವುದು ಇದಕ್ಕೇ. ಹ್ಯಾಂಡ್ ಬ್ರೇಕಿನಲ್ಲಿ ಹಿಡಿದು ಹೊರಡಿ. ಕಾಲು ತೆಗೆದ ಮೇಲೂ ಬ್ರೇಕ್ ಲೈಟ್ ಉರಿಯುತ್ತಿದ್ದರೆ ಪೆಡಲ್ ಮೇಲಿನ ಸ್ವಿಚ್ ಅಡ್ಜಸ್ಟ್ ಮಾಡಿ.

ಗೇರ್ ಲಿಂಕೇಜಿನ ಬುಷ್ ಸವೆದರೆ ಎಳೆತ ಕಡಿಮೆಯಾಗುವುದಿಲ್ಲ, ಭಾರ ಬಿದ್ದಾಗ ಗೇರು ಕಳಚಿಕೊಳ್ಳುತ್ತದೆ. ಲಿವರ್ ನಡುಗುತ್ತ ಈಚೆ ಬರುತ್ತಿದ್ದರೆ ಬುಷ್ ನೋಡಿ, ಆಮೇಲೆ ಫೋರ್ಕ್. ರಿವರ್ಸ್‌ನಲ್ಲಿ ಬರುವ ಕುಯ್ಯೋ ಸದ್ದಿಗೆ ಹೆದರಬೇಡಿ. ಬಹಳಷ್ಟು ಬಾಕ್ಸುಗಳಲ್ಲಿ ಆ ಗೇರಿನ ಹಲ್ಲು ನೇರವಾಗಿರುತ್ತವೆ, ಸದ್ದು ಅದರದೇ.

ಎಂಜಿನ್ ಸೊರಗಿದ್ದರೆ ಅದು ಫಸ್ಟ್‌ನಲ್ಲೂ ಕಾಣಬೇಕು. ಏರ್ ಫಿಲ್ಟರ್ (ಬೇಸಿಗೆಯ ಕಣದ ಧೂಳಿಗೆ ಇದು ಬೇಗ ಕಟ್ಟುತ್ತದೆ), ಡೀಸೆಲ್ ಫಿಲ್ಟರಿನ ಕೆಳಗೆ ನಿಂತ ನೀರು, ಟರ್ಬೊ ಹೋಸಿನ ಸೀಳು, ತೆರೆದೇ ನಿಂತ ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಬಿಡುವುದು). ಕಪ್ಪು ಹೊಗೆಯ ಜೊತೆ ಶಕ್ತಿ ಇಲ್ಲದಿದ್ದರೆ ಗಾಳಿಯ ಕಡೆ ಹುಡುಕಿ, ಹೊಗೆಯೇ ಇಲ್ಲದೆ ಸೊರಗಿದರೆ ಡೀಸೆಲ್ಲಿನ ಕಡೆ. ಎಂಜಿನ್ ಲೈಟ್ ಉರಿಯುತ್ತಿದ್ದರೆ ಮೊದಲು ಸ್ಕ್ಯಾನರ್ ಹಾಕಿಸಿ, ಊಹೆ ಆಮೇಲೆ.

ಕ್ಲಚ್ಚಿನ ನಿಜ-ಸುಳ್ಳು

ಜಾರುವ ಕ್ಲಚ್ ಮೊದಲು ಸೋಲುವುದು ರಿವರ್ಸ್‌ನಲ್ಲಲ್ಲ, ಟಾಪ್ ಗೇರಿನಲ್ಲಿ. ತಣ್ಣಗಿರುವಾಗ, ಸಮತಟ್ಟಿನಲ್ಲಿ, ಮುಂದೆ ಖಾಲಿ ಜಾಗ ಇಟ್ಟುಕೊಂಡು ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಹಾಕಿ, ನಾಲ್ಕನೇ ಗೇರಿನಲ್ಲಿ 1,500 ಆರ್‌ಪಿಎಂ ಇಟ್ಟು ಕ್ಲಚ್ ಬಿಡಿ. ಎಂಜಿನ್ ಒಡನೆ ಆರಬೇಕು. ಒಂದೆರಡು ಸೆಕೆಂಡು ತಾಳಿಕೊಂಡರೆ ಪ್ಲೇಟು, ಪ್ರೆಷರ್ ಪ್ಲೇಟು ಮುಗಿದಿವೆ. ಈ ಪರೀಕ್ಷೆ ಒಂದೇ ಸಲ. ಐದು ಸಲ ಮಾಡಿದರೆ ಒಳ್ಳೆಯ ಕ್ಲಚ್ಚೂ ಕೆಡುತ್ತದೆ. ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ಕೆಳಗಿನ ತೂತಿನಲ್ಲಿ ಆಯಿಲ್ ಜಿನುಗಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲಿನಿಂದ ಅಥವಾ ಗೇರ್ ಬಾಕ್ಸಿನ ಮುಂದಿನ ಸೀಲಿನಿಂದ ಪ್ಲೇಟಿಗೆ ಆಯಿಲ್ ತಾಗಿದೆ. ಸೀಲ್ ಹಾಕದೆ ಪ್ಲೇಟ್ ಮಾತ್ರ ಹಾಕುವುದು ದಂಡ.

ತಣ್ಣಗಿದ್ದಾಗ ಪಾಸಾಗಿ, ಟ್ರೇಲರ್ ಜೊತೆ ಹತ್ತು ನಿಮಿಷ ಒದ್ದಾಡಿದ ಮೇಲೆ ಮಾತ್ರ ಜಾರುವ ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಪ್ಲೇಟಿಗಿಂತ ಮೊದಲು ಪೆಡಲ್ ಬದಿಯ ಮಾಸ್ಟರ್ ಸಿಲಿಂಡರ್ ನೋಡಿ. ಪೆಡಲ್ ಬಿಟ್ಟಾಗ ಒಳಗಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದು ಆಯಿಲ್ ಡಬ್ಬಿಗೆ ಹೋಗುವ ಸಣ್ಣ ತೂತನ್ನು ತೆರೆಯಬೇಕು. ಪೆಡಲ್ಲಿನ ಪುಷ್ ರಾಡಿಗೆ ಆಟವೇ ಇಲ್ಲದಿದ್ದರೆ ಆ ತೂತು ಮುಚ್ಚಿಯೇ ಇರುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್ಲಿಗೆ ಹೋಗಲು ದಾರಿಯಿಲ್ಲದೆ ಅದು ಕ್ಲಚ್ಚನ್ನೇ ಒತ್ತಿಹಿಡಿಯುತ್ತದೆ, ಯಾರೂ ತುಳಿಯದಿದ್ದರೂ. ಜಾರುತ್ತಿರುವಾಗಲೇ ನಿಲ್ಲಿಸಿ ಕ್ಲಚ್ ಬದಿಯ ಸ್ಲೇವ್ ಸಿಲಿಂಡರಿನ ಬ್ಲೀಡ್ ನಿಪ್ಪಲ್ ಕಾಲು ಸುತ್ತು ಸಡಿಲಿಸಿ. ಆಯಿಲ್ ಚಿಮ್ಮಿ, ಬಿಗಿ ಮಾಡಿದ ಮೇಲೆ ಕ್ಲಚ್ ಸರಿಯಾಗಿ ಹಿಡಿದರೆ ಪ್ಲೇಟಿನ ತಪ್ಪಿಲ್ಲ. ಪುಷ್ ರಾಡಿನ ಆಟ ಪೆಡಲ್ ತುದಿಯಲ್ಲಿ ಕೆಲವು ಮಿಲಿಮೀಟರ್ ಇರಬೇಕು, ನಿಖರ ಅಳತೆ ಆಯಾ ಗಾಡಿಯ ಪುಸ್ತಕದಲ್ಲಿದೆ. ಡ್ರೈವರ್ ಕಾಲನ್ನು ಸದಾ ಪೆಡಲ್ ಮೇಲೆ ಇಡುವವನಾದರೂ ಫಲ ಇದೇ.

ಲೋ ರೇಂಜ್ ಇದ್ದೂ ಬಳಸದವರು

4×4 ಗಾಡಿಯಲ್ಲಿ ಈ ಎಲ್ಲ ಲೆಕ್ಕಕ್ಕೂ ಒಂದೇ ಲಿವರಿನಲ್ಲಿ ಉತ್ತರವಿದೆ. ಲೋ ರೇಂಜ್ ಎಂದರೆ ಎಲ್ಲ ಗೇರಿನಲ್ಲೂ ವೇಗ ಇಳಿಸಿ ಬಲ ಏರಿಸುವ ಹೆಚ್ಚುವರಿ ಗೇರು. ಅದರ ಅನುಪಾತ 2.48 ಇರುವ ಗಾಡಿಯಲ್ಲಿ 1,000 ಆರ್‌ಪಿಎಂಗೇ ನೂಕು 475ರಿಂದ 1,175 ಕೆಜಿಗೆ ಏರುತ್ತದೆ, ವೇಗ ಮೂರೂವರೆ ಕಿಲೋಮೀಟರಿಗೆ ಇಳಿಯುತ್ತದೆ. ಕ್ಲಚ್ ಪೂರ್ತಿ ಬಿಟ್ಟೇ ಓಡಿಸಬಹುದು. ಗಾಡಿ ನಿಲ್ಲಿಸಿ ಹಾಕಬೇಕು ಅಷ್ಟೆ. ಮುಂದಿನ ಹಬ್ ಕೈಯಲ್ಲಿ ಲಾಕ್ ಮಾಡುವ ಬಗೆಯದಾದರೆ ಎರಡೂ ಕಡೆ ತಿರುಗಿಸಿದ್ದೀರಾ ನೋಡಿ. ತಾನೇ ಲಾಕ್ ಆಗುವ ಹಳೆಯ ಹಬ್ಬುಗಳು ದಿಕ್ಕು ಬದಲಾದಾಗ ಒಮ್ಮೆ ಬಿಟ್ಟು ಹಿಡಿಯುತ್ತವೆ, ಕೆಸರಿನಲ್ಲಿ ಹಿಂದೆ-ಮುಂದೆ ಆಡಿಸುವಾಗ ಬಿಟ್ಟ ಕ್ಷಣದಲ್ಲೇ ಹಿಂಚಕ್ರ ಹೂತುಕೊಳ್ಳುತ್ತದೆ. ಆದರೆ ಒಣ ಸಿಮೆಂಟು ಕಣದ ಮೇಲೆ 4×4 ಹಾಕಿ ಸ್ಟಿಯರಿಂಗ್ ಪೂರ್ತಿ ಒಡೆದು ಹಿಂದಕ್ಕೆ ಬಂದರೆ ಮುಂದಿನ, ಹಿಂದಿನ ಆಕ್ಸಲ್ ಒಂದನ್ನೊಂದು ತಿರುಚಿಕೊಂಡು ಗಾಡಿ ಬ್ರೇಕ್ ಹಾಕಿದಂತೆ ನಿಲ್ಲುತ್ತದೆ. ಸ್ಟಿಯರಿಂಗ್ ನೇರ ಮಾಡಿ ಎರಡು ಮೀಟರ್ ಮುಂದೆ ಬಿಟ್ಟರೆ ಸಡಿಲವಾಗುತ್ತದೆ.

ಆಟೊಮ್ಯಾಟಿಕ್ ಆದರೆ

ಇಲ್ಲಿ ಮೊದಲು ಆ ಬಾಕ್ಸಿನ ಅನುಪಾತ ತಿಳಿಯಿರಿ. ಅಮೆರಿಕದ ಪಿಕಪ್ಪುಗಳಲ್ಲಿ ಬಹಳ ಕಾಲ ಇದ್ದ ಜಿಎಂ 4ಎಲ್60ಇ ಬಾಕ್ಸಿನಲ್ಲಿ ಫಸ್ಟ್ 3.06, ರಿವರ್ಸ್ 2.29. ಅಂದರೆ ಹೊಸ ಗಾಡಿಯಲ್ಲೇ ರಿವರ್ಸ್ ಎಳೆತ ಕಾಲು ಪಾಲು ಕಡಿಮೆ. ಇದು ದೋಷವಲ್ಲ, ಸ್ವಭಾವ.

ಆಯಿಲ್ ಮಟ್ಟ ಎರಡನೆಯದು. ಹಿಂದಕ್ಕೆ ಏರುವಾಗ ಗಾಡಿಯ ಮೂತಿ ಕೆಳಗಿರುತ್ತದೆ, ಪ್ಯಾನಿನಲ್ಲಿ ಆಯಿಲ್ ಮುಂದಕ್ಕೆ ಹರಿಯುತ್ತದೆ. ಮೊದಲೇ ಕಡಿಮೆಯಿದ್ದರೆ ಫಿಲ್ಟರ್ ಗಾಳಿ ಹೀರಿ ಒತ್ತಡ ಬೀಳುತ್ತದೆ. ಸಮತಟ್ಟಿನಲ್ಲಿ ಸರಿ, ಏರಿನಲ್ಲಿ ಮಾತ್ರ ಜಾರುತ್ತದೆ ಎಂದರೆ ಇದನ್ನು ನೆನೆಯಿರಿ. ಆಯಿಲ್ ಕಂದಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಪ್ಲೇಟುಗಳು ಸುಟ್ಟಿವೆ.

ನಂತರ ಸ್ಟಾಲ್ ಪರೀಕ್ಷೆ. ಬಾಕ್ಸ್ ಬಿಸಿಯಾಗಿರಲಿ, ನಾಲ್ಕೂ ಚಕ್ರಕ್ಕೆ ಕಲ್ಲು, ಹ್ಯಾಂಡ್ ಬ್ರೇಕ್, ಎಡಗಾಲಲ್ಲಿ ಬ್ರೇಕ್ ಗಟ್ಟಿಯಾಗಿ. ಡಿ ಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಮುಳ್ಳು ಎಲ್ಲಿ ನಿಲ್ಲುತ್ತದೆ ಓದಿ, ಬಿಡಿ. 5 ಸೆಕೆಂಡಿಗಿಂತ ಹೆಚ್ಚು ಬೇಡ. ನ್ಯೂಟ್ರಲ್‌ನಲ್ಲಿ ಒಂದು ನಿಮಿಷಕ್ಕೂ ಹೆಚ್ಚು ತಣಿಸಿ, ಆರ್ ನಲ್ಲಿ ಇನ್ನೊಮ್ಮೆ. ಮೇಲೆ ಹೇಳಿದಂತೆ ಬ್ರೇಕ್ ಒತ್ತಿದರೆ ಶಕ್ತಿ ತಗ್ಗಿಸುವ ಇಸಿಯು ಇರುವ ಗಾಡಿಯಲ್ಲಿ ಈ ಪರೀಕ್ಷೆ ಸುಳ್ಳು ಹೇಳುತ್ತದೆ, ಅಲ್ಲಿ ಸ್ಕ್ಯಾನರ್, ಪ್ರೆಷರ್ ಗೇಜ್ ಬೇಕು. ಎರಡರಲ್ಲೂ ನಿಗದಿಗಿಂತ ಕಡಿಮೆ ಬಂದರೆ ಎಂಜಿನ್ ಸೊರಗಿದೆ. 600 ಆರ್‌ಪಿಎಂಗಿಂತಲೂ ಹೆಚ್ಚು ಕಡಿಮೆಯಾದರೆ ಟಾರ್ಕ್ ಕನ್ವರ್ಟರಿನ (ಎಂಜಿನ್ನಿಗೂ ಬಾಕ್ಸಿಗೂ ನಡುವಿನ ಆಯಿಲ್ ಜೋಡಣೆಯ) ಒಳಗಿನ ಸ್ಟೇಟರ್ ಅನುಮಾನಿಸಿ. ಡಿ ಸರಿಯಿದ್ದು ಆರ್ ನಲ್ಲಿ ಮಾತ್ರ ಹೆಚ್ಚು ಬಂದರೆ ರಿವರ್ಸ್‌ನ ಕ್ಲಚ್ ಅಥವಾ ಬ್ರೇಕ್ ಬ್ಯಾಂಡ್ ಜಾರುತ್ತಿದೆ ಇಲ್ಲವೇ ಅದಕ್ಕೆ ಒತ್ತಡ ಸಾಲುತ್ತಿಲ್ಲ. ಎನ್ ನಿಂದ ಆರ್ ಗೆ ಹಾಕಿದಾಗ ಒಂದೂವರೆ ಸೆಕೆಂಡಿನೊಳಗೆ ಹಿಡಿದ ಏಟು ಗೊತ್ತಾಗಬೇಕು. ಎರಡು-ಮೂರು ಸೆಕೆಂಡು ಯೋಚಿಸುವ ಬಾಕ್ಸಿಗೆ ಟ್ರೇಲರ್ ಕಟ್ಟಬೇಡಿ.

ಟ್ರ್ಯಾಕ್ಟರಿನವರಿಗೆ ಎರಡು ಮಾತು

ಹಾಸನದ ಬಯಲು ಕಡೆ ಆಲೂಗಡ್ಡೆ, ಕಬ್ಬು ಹೊರುವ ಟ್ರ್ಯಾಕ್ಟರುಗಳಲ್ಲಿ ಹೈ-ಲೋ ಲಿವರ್ ಹೈನಲ್ಲೇ ಉಳಿದಿರುವುದು ಮೊದಲ ಕಾರಣ. ಎರಡನೆಯದು ಟೈರು. ಹಿಂದಿನ ದೊಡ್ಡ ಟೈರಿನ ಕಟ್ಟೆಗಳು (ಎದ್ದುನಿಂತ ರಬ್ಬರ್ ಏಣುಗಳು) ಮುಂದಕ್ಕೆ ಉರುಳುವಾಗ ಕೆಸರನ್ನು ಹೊರಗೆ ತಳ್ಳುವಂತೆ ಓರೆಯಾಗಿವೆ. ಹಿಂದಕ್ಕೆ ಉರುಳುವಾಗ ಅದೇ ಕಟ್ಟೆಗಳು ಕೆಸರನ್ನು ನಡುವಿಗೆ ಎಳೆದು ತುಂಬಿಕೊಳ್ಳುತ್ತವೆ, ನಾಲ್ಕು ಸುತ್ತಿಗೆ ಟೈರು ನುಣ್ಣಗಿನ ಉಂಡೆಯಾಗುತ್ತದೆ. ಕಟ್ಟೆಯ ಬಾಣದ ಗುರುತು ತಿರುಗುಮುರುಗಾಗಿ ಹಾಕಿದ್ದರೆ ಮುಂದಕ್ಕೂ ಇದೇ ಗತಿ, ಪಂಕ್ಚರ್ ಹಾಕಿಸಿದ ಮೇಲೆ ಒಮ್ಮೆ ನೋಡಿಕೊಳ್ಳಿ.

ಯಾವ ಗಾಡಿಯೇ ಆಗಲಿ, ಹೂತ ಚಕ್ರವನ್ನು ರಿವರ್ಸ್‌ನಲ್ಲಿ ಜರ್ಕ್ ಕೊಟ್ಟು ಎಬ್ಬಿಸಬೇಡಿ. ಹಿಂದಕ್ಕೆ ಹೋಗುವಾಗ ಕ್ರೌನ್-ಪಿನಿಯನ್ನಿನ ಹಲ್ಲುಗಳು ತಮ್ಮ ಬಲಹೀನ ಮಗ್ಗುಲಿನ ಮೇಲೆ ಭಾರ ಹೊರುತ್ತವೆ. ಟಕ್ ಎಂಬ ಸದ್ದು ಚಕ್ರದ ಪ್ರತಿ ಸುತ್ತಿಗೂ ಒಂದೊಂದು ಸಲ ಕೇಳತೊಡಗಿದರೆ ಅಲ್ಲೇ ನಿಲ್ಲಿಸಿ, ಹೌಸಿಂಗಿನ ಆಯಿಲ್ ಇಳಿಸಿ, ಡ್ರೈನ್ ಬೋಲ್ಟಿಗೆ ಅಂಟಿದ ಲೋಹದ ಚೂರು ನೋಡಿ. ಹಿಟ್ಟಿನಂತಿದ್ದರೆ ಸವೆತ; ಉಗುರಿನಷ್ಟು ದಪ್ಪ ಚೂರಿದ್ದರೆ ಹಲ್ಲು ಮುರಿದಿದೆ, ಗಾಡಿಯನ್ನು ಇನ್ನು ಓಡಿಸದೆ ಟೋ ಮಾಡಿಸಿ.